ಮುರಿಯದ ಪಿನ್ನು

ಆ ಲಾರಿಯ ಎಡಬಾಗಿಲಿನ ಕೆಳಭಾಗದಲ್ಲಿ ಒಂದು ತೂತಿತ್ತು. ಯಾರೋ ಅದರ ಸುತ್ತ ಕೆಂಪು ಬಣ್ಣದಲ್ಲಿ ಉಂಗುರ ಬರೆದಿದ್ದರು. ಚಿಕ್ಕವಳಿದ್ದಾಗ ನಾನು ಅದರೊಳಗೆ ಹೆಬ್ಬೆರಳು ತೂರಿಸಿ ನೋಡುತ್ತಿದ್ದೆ. ಬರ್ಮಾದ ಲಡಾಯಿಯಲ್ಲಿ ಜಪಾನಿನವರು ಹೊಡೆದ ಗುಂಡು ಅಲ್ಲಿಂದ ಒಳಗೆ ನುಗ್ಗಿದೆ ಎಂದು ಜುಜೆ ಅಜ್ಜ ಹೇಳುತ್ತಿದ್ದರು. ನಮ್ಮ ತಾಂಡಾದ ಮಕ್ಕಳೂ ಸಾಂಬ್ರಾಣಿ ಶಾಲೆಯ ಮಕ್ಕಳೂ ಅದನ್ನು ನಂಬಿದ್ದೆವು. ಬೆರಳಿಗೆ ಹತ್ತಿದ ತುಕ್ಕನ್ನು ಮೂಸಿ, ಇದು ಮದ್ದಿನ ವಾಸನೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡದ್ದೂ ಉಂಟು.

ಜುಜೆ ಸಿದ್ದಿ ಆ ಲಾರಿಯ ಡ್ರೈವರ್. ಹುಟ್ಟಿದ ವರ್ಷ ಅವರಿಗೆ ಗೊತ್ತಿಲ್ಲ. ಚರ್ಚಿನ ಪುಸ್ತಕದಲ್ಲಿ ೧೯೪೨ ಎಂದಿದೆ ಎಂದು ಅವರ ಹೆಂಡತಿ ಇಜಾಬೆಲ್ ಅಜ್ಜಿ ಹೇಳುತ್ತಾರೆ. ಹದಿನೆಂಟನೇ ವಯಸ್ಸಿಗೆ ಕ್ಲೀನರ್ ಆಗಿ ಲಾರಿ ಹತ್ತಿದವರು ಏಳು ವರ್ಷಕ್ಕೆ ಅದರ ಡ್ರೈವರ್ ಆದರು. ಆಮೇಲೆ ಬೇರೆ ಯಾವ ಗಾಡಿಯನ್ನೂ ಓಡಿಸಲಿಲ್ಲ. ಸ್ಟೇರಿಂಗ್ ಎಡಗಡೆ ಇದ್ದ ಗಾಡಿಯಲ್ಲೇ ಕಲಿತದ್ದರಿಂದ ಬೇರೆ ಲಾರಿಯಲ್ಲಿ ಕುಳಿತರೆ ಕನ್ನಡಿಯಲ್ಲಿ ನೋಡಿಕೊಂಡು ತಲೆ ಬಾಚಿದಂತೆ ಎಡಬಲ ಅದಲುಬದಲಾಗುತ್ತದೆ ಎನ್ನುತ್ತಿದ್ದರು.

ಲಾರಿಯ ಮಾಲೀಕರು ಚನಬಸಪ್ಪನವರು, ಕಾಡಿನ ನಾಟಾ ಸಾಗಿಸುವ ಗುತ್ತಿಗೆದಾರರು. ದೊಡ್ಡ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವಾದ ಗಾಡಿಗಳನ್ನು ಲಿಲಾವು ಮಾಡಿದಾಗ ಅವರ ತಂದೆ ಅದನ್ನು ಕೊಂಡಿದ್ದರಂತೆ. ಅದಕ್ಕೆ ಹತ್ತು ಗಾಲಿ. ಹತ್ತೂ ಗಾಲಿಗೆ ಇಂಜಿನ್ನಿನ ಬಲ ಹೋಗುತ್ತಿತ್ತು. ಮುಂದಿನ ಬಂಪರಿನ ಹತ್ತಿರ ವಿಂಚ್ ಇತ್ತು. ವಿಂಚ್ ಎಂದರೆ ಉಕ್ಕಿನ ಹಗ್ಗ, ಅಂದರೆ ವಾಯರ್, ಸುತ್ತಿದ ಒಂದು ಉರುಳೆ. ಹಗ್ಗದ ತುದಿಯ ಕೊಕ್ಕೆಯನ್ನು ಕಣಿವೆಯಲ್ಲಿ ಬಿದ್ದ ಸಾಗವಾನಿ ದಿಮ್ಮಿಗೆ ಸಿಕ್ಕಿಸಿ, ಇಂಜಿನ್ನಿನಿಂದ ಉರುಳೆಯನ್ನು ತಿರುಗಿಸಿದರೆ ದಿಮ್ಮಿ ಮೇಲೆ ಬರುತ್ತಿತ್ತು. ಕುಳಗಿ ಕಡೆಯ ಇಳಿಜಾರಿನಲ್ಲಿ ಆನೆಯನ್ನು ಬಿಟ್ಟರೆ ಆ ಕೆಲಸ ಮಾಡುತ್ತಿದ್ದದ್ದು ಇದೊಂದೇ ಎಂದು ಹಳಬರು ಹೇಳುತ್ತಾರೆ.

ನನ್ನ ಅಜ್ಜ ಥಾವರೆಪ್ಪ ಅದೇ ಲಾರಿಯಲ್ಲಿ ಹಮಾಲರಾಗಿದ್ದರು. ಅವರ ಬಲಗಾಲಿನ ಮೊಣಕಾಲು ಮಡಚುವುದಿಲ್ಲ. ಕುಳಿತಾಗ ಕಾಲು ಮುಂದಕ್ಕೆ ನೆಟ್ಟಗೆ ಚಾಚಿಕೊಂಡೇ ಇರುತ್ತದೆ. ದಿಮ್ಮಿ ಉರುಳಿ ಹೀಗಾಯಿತು ಎಂದು ನಮಗೆಲ್ಲ ಹೇಳಿದ್ದರು. ಕಾಲು ಹೋದ ಮೇಲೆ ಅವರು ಕಾಡಿನ ಕೆಲಸ ಬಿಟ್ಟರು. ಮನೆ ನಡೆಸಿದವಳು ನನ್ನ ಅಜ್ಜಿ ಧರ್ಮಿಬಾಯಿ. ಕಟ್ಟಿಗೆಯ ಹೊರೆ ಹೊತ್ತು ಹಳಿಯಾಳದವರೆಗೆ ನಡೆಯುತ್ತಿದ್ದಳು. ಈಗ ಅವಳಿಗೆ ಕುತ್ತಿಗೆ ತಿರುಗಿಸಲು ಬರುವುದಿಲ್ಲ. ಯಾರಾದರೂ ಕರೆದರೆ ಮೈಯನ್ನೇ ಪೂರ್ತಿ ತಿರುಗಿಸಿ ನೋಡುತ್ತಾಳೆ. ಜುಜೆ ಅಜ್ಜ ಪ್ರತಿ ಐತವಾರ ಚರ್ಚಿನಿಂದ ನೇರ ನಮ್ಮ ಮನೆಗೆ ಬಂದು ಅಜ್ಜನ ಪಕ್ಕದಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ನನಗೆ ತಿಳಿವಳಿಕೆ ಬಂದಾಗಿನಿಂದ ಅದು ತಪ್ಪಿದ್ದನ್ನು ನೋಡಿರಲಿಲ್ಲ.

ಹಸಿ ಮರ ಕಡಿಯುವುದು ನಿಂತ ಮೇಲೆ ಲಾರಿಗೆ ಕೆಲಸ ಕಡಿಮೆಯಾಯಿತು. ೧೯೯೬ರಿಂದ ಅದು ಸಾಂಬ್ರಾಣಿಯ ಹೊರಗೆ ಚನಬಸಪ್ಪನವರ ಗೋದಾಮಿನ ಹಿಂದೆ ನಿಂತೇ ಇತ್ತು. ಜುಜೆ ಅಜ್ಜ ವಾರಕ್ಕೆ ಎರಡು ದಿನ ಹೋಗಿ ಅದಕ್ಕೆ ಗ್ರೀಸು ಹಾಕಿ ಬರುತ್ತಿದ್ದರು. ಯಾರೂ ಹೇಳಿರಲಿಲ್ಲ.

೨೦೦೩ರ ಮಾರ್ಚ್ ತಿಂಗಳಲ್ಲಿ ಚನಬಸಪ್ಪನವರು ಲಾರಿಯನ್ನು ಗುಜರಿಗೆ ಕೊಡುವುದೆಂದು ಗೊತ್ತುಮಾಡಿದರು. ಶನಿವಾರ ಗ್ಯಾಸ್ ಕಟರಿನವರು ಬರುವವರಿದ್ದರು. ಆ ಸುದ್ದಿ ಕೇಳಿ ಮಂಗಳವಾರ ಧಾರವಾಡದ ಕಡೆಯಿಂದ ಅಂದಾನೆಪ್ಪ ಎಂಬವರು ಬಂದರು. ಸೈನ್ಯದ ಗಾಡಿ ರಿಪೇರಿ ಮಾಡುವ ಪಡೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಒಂದು ಟ್ರಸ್ಟಿನವರು ಹಳೆಯ ಮಿಲಿಟರಿ ಗಾಡಿಗಳನ್ನು ಜನ ನೋಡಲೆಂದು ಕೂಡಿಸಿಡುತ್ತಿದ್ದರು. ಅವರ ಪರವಾಗಿ ಇವರು ಊರೂರು ತಿರುಗುತ್ತಿದ್ದರು.

ಅವತ್ತು ಬೆಳಿಗ್ಗೆ ಜುಜೆ ಅಜ್ಜ ನಮ್ಮ ಮನೆಗೆ ಬಂದು ನನ್ನನ್ನು ಕರೆದರು. "ಮಾಯಾ, ಬಾರವ್ವಾ. ಲಾರಿ ಚರಿತ್ರಾ ಬರೀಬೇಕಂತ. ನಿನ್ನ ಅಕ್ಷರ ದುಂಡಗ ಅದಾವ." ಒಂಬತ್ತನೆಯ ತರಗತಿಯಲ್ಲಿ ನಾನು ಶಾಲೆ ಬಿಟ್ಟು ಎರಡು ವರ್ಷವಾಗಿತ್ತು. ಆದರೂ ನೋಟುಬುಕ್ಕು ತೆಗೆದುಕೊಂಡು ಹೋದೆ.

ಸುಬೇದಾರರು ಲಾರಿಯನ್ನು ಎರಡು ಸುತ್ತು ಹಾಕಿ ನೋಡಿದರು. ತಯಾರಾದ ತಾರೀಕು ಇರುವ ತಗಡಿನ ಪಟ್ಟಿ ಎಂದೋ ಕಿತ್ತುಹೋಗಿತ್ತು.

"ಇಂಥಾವು ನಮ್ಮಲ್ಲಿ ಆಗಲೇ ಎರಡು ಅದಾವ್ರಿ," ಎಂದು ಅವರು ಚನಬಸಪ್ಪನವರಿಗೆ ಹೇಳಿದರು. "ಮೂರನೇದು ಯಾಕ ಅಂತಾರ ಟ್ರಸ್ಟಿನವರು. ಲಡಾಯಿ ಕಂಡು ಬಂದ ಗಾಡಿ ಅಂದ್ರ ಆ ಮಾತು ಬ್ಯಾರೆ. ಆವಾಗ ಇಡೀ ಗಾಡಿ ಒಯ್ದು, ಬಣ್ಣಾ ಹಚ್ಚಿ ನಿಲ್ಲಸ್ತಾರ."

"ಲಡಾಯಿ ಕಂಡೈತ್ರಿ!" ಎಂದು ಜುಜೆ ಅಜ್ಜ ಬಾಗಿಲ ಹತ್ತಿರ ಓಡಿದರು. "ಇಲ್ಲಿ ನೋಡ್ರಿ ಗುಂಡು."

ಸುಬೇದಾರರು ಕನ್ನಡಕ ಏರಿಸಿ ತೂತನ್ನು ನೋಡಿದರು. ಅಂಚೆಲ್ಲ ತುಕ್ಕು ತಿಂದಿತ್ತು. "ಇರಬಹುದು, ಇಲ್ಲದಿರಬಹುದು. ನನಗ ಹೇಳಾಕ ಬರೂದಿಲ್ಲ. ಗಾಡಿ ಕೂಡ ಇದ್ದವರು ನೀವು. ನೀವು ಹೇಳಿದ್ದು ಬರದು, ಹೆಬ್ಬೆಟ್ಟು ಒತ್ತಿ ಕೊಡ್ರಿ. ಅದನ್ನ ಒಯ್ದು ಟ್ರಸ್ಟಿನವರ ಮುಂದ ಇಡ್ತೇನಿ."

ಹಾಗಾಗಿ ಲಾರಿ ಉಳಿಯುವುದೂ ತುಂಡಾಗುವುದೂ ಜುಜೆ ಅಜ್ಜನ ಮಾತಿನ ಮೇಲೆ ನಿಂತಿತು. ಅದು ನಮಗೆಲ್ಲ ಸಂತೋಷದ ಸಂಗತಿಯಾಗಿಯೇ ಕಂಡಿತು. ಗುಂಡಿನ ಕತೆ ಎಲ್ಲರಿಗೂ ಬಾಯಿಪಾಠವಾಗಿತ್ತಲ್ಲ. ನಾನು ಬರೆಯಲು ಕುಳಿತೆ.

ಆಮೇಲೆ ಸುಬೇದಾರರು ವಿಂಚಿನ ಮುಂದೆ ಕುಳಿತು ಚಿಂದಿಯಿಂದ ಗ್ರೀಸು ಒರೆಸಿದರು. ಇಂಜಿನ್ನಿನಿಂದ ಬರುವ ದಂಡ ವಿಂಚಿಗೆ ಸೇರುವ ಜಾಗದಲ್ಲಿ ಬೆರಳುದ್ದದ ಒಂದು ಪಿನ್ನು ಇತ್ತು. ಅದನ್ನು ಹೊರಗೆ ತೆಗೆದು ಉಗುರಿನಿಂದ ಗೀರಿ ನೋಡಿದರು.

"ಇದನ್ನ ಯಾರು ಹಾಕಿದ್ರಿ?"

"ನಾನ ರೀ ಸಾಹೇಬ್ರ," ಎಂದರು ಜುಜೆ ಅಜ್ಜ. ಅವರ ಮುಖ ಅರಳಿತ್ತು. "ನನ್ನ ಉಸ್ತಾದ ಪರಸಪ್ಪ ಗಾಡಿ ಬಿಡೂವಾಗ ಒಂದು ಡಬ್ಬಿ ತುಂಬ ಪಿನ್ನು ಕೊಟ್ಟು ಹೋಗಿದ್ದ. ಮಿಲಿಟರಿ ಡಬ್ಬಿ. ಮುರಿದ್ರ ಹೊಸಾದು ಹಾಕಪಾ, ತಲಿ ಓಡಸಬ್ಯಾಡ ಅಂದಿದ್ದ. ಬೆಣ್ಣಿಯಂಗ ಇದ್ವರಿ ಅವು. ದೊಡ್ಡ ದಿಮ್ಮಿ ಸಿಕ್ರ ಲಟಕ್ ಅಂತ ಮುರೀತಿದ್ವು. ಡಬ್ಬಿ ತೀರಿದ ಮ್ಯಾಲೆ ನಾನ ಒಂದು ಮುರದ ಅಕ್ಸಲ್ ತುಂಡು ಅರದು ಇದನ್ನ ಮಾಡಿದೆ. ಆ ಮ್ಯಾಲೆ ಹದಿನೇಳು ವರ್ಷ ದಿಮ್ಮಿ ಎಳದೇನಿ, ಜಪ್ಪಯ್ಯ ಅಂದಿಲ್ಲ. ಒಮ್ಮಿ ವಾಯರ್ ಹರೀತು ನೋಡ್ರಿ. ಉಕ್ಕಿನ ವಾಯರ್! ನನ್ನ ಪಿನ್ನು ಮುರೀಲಿಲ್ಲ."

"ಅದು ಜುಜ್ಯಾನ ಮದಿವಿ ಇದ್ದಂಗ ರೀ," ಎಂದು ಚನಬಸಪ್ಪನವರು ನಕ್ಕರು. "ಇಜಾಬೆಲ್ ದಿನಾ ಬೈತಾಳ, ಆದ್ರೂ ಮುರಿದಿಲ್ಲ."

ಸುಬೇದಾರರು ನಗಲಿಲ್ಲ. ಪಿನ್ನನ್ನು ಅಂಗೈಯಲ್ಲಿ ಇಟ್ಟುಕೊಂಡು ತೂಕ ನೋಡಿದರು.

"ಡ್ರೈವರ್ ಸಾಹೇಬ್ರ, ಅದು ಮುರೀಬೇಕಂತನ ಮಾಡಿದ್ದರಿ," ಎಂದರು. "ಇಂಥಾ ಗಾಡಿ ಸಾವಿರಗಟ್ಟಲೆ ಹಡಗಿನ್ಯಾಗ ಬಂದ್ವು. ಓಡಸಾವ್ರು ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗರು, ನಿನ್ನಿ ಮೊನ್ನಿ ಕಲ್ತವ್ರು. ತೋಪು ಕೆಸರಿನ್ಯಾಗ ಹುಗದ್ರ ಎಷ್ಟು ಜಗ್ಗಬೇಕು, ಎಲ್ಲಿ ಬಿಡಬೇಕು ಅನ್ನೂದು ಅವರಿಗೆ ಹೆಂಗ ತಿಳೀಬೇಕು? ಅದಕ್ಕ ಇಷ್ಟೆಲ್ಲಾ ಉಕ್ಕಿನ ನಡುವ ಒಂದು ಮೆತ್ತನ್ನ ತುಂಡು ಇಟ್ರು. ಭಾರ ಮಿತಿ ಮೀರಿತಂದ್ರ ಮೊದಲ ಅದು ಹೋಗಬೇಕು. ಅದು ಹೋದ್ರ ಜಗ್ಗೂದು ನಿಲ್ತದ. ವಾಯರ್ ಉಳೀತದ. ಡಬ್ಬಿ ತುಂಬ ಕೊಟ್ಟಿದ್ದೂ ಅದಕ್ಕ."

ನಾನು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಒಂದು ಸಾಲು ಬಿಟ್ಟುಹೋದ ಹಾಗೆ ಅನಿಸಿತು. ಬರೆಯುವುದು ಪೂರ್ತಿ ಇರಬೇಕೆಂದು ತಲೆ ಎತ್ತಿ ಕೇಳಿದೆ: "ಅಂದ್ರ, ಮೊದಲಿನ ಪಿನ್ನು ಇದ್ದಿದ್ರ ಆವತ್ತ ವಾಯರ್ ಹರೀತಿರಲಿಲ್ಲೇನ್ರಿ?"

ಸುಬೇದಾರರು ನನ್ನ ಕಡೆ ನೋಡಿದರು. "ಹರೀತಿರಲಿಲ್ಲವ್ವಾ," ಎಂದರು.

ಆ ಪ್ರಶ್ನೆಯನ್ನು ನಾನು ಕೇಳಬಾರದಾಗಿತ್ತು. ಬೇರೆ ಯಾರೂ ಕೇಳುತ್ತಿರಲಿಲ್ಲ. ನಾನು ಕೇಳದಿದ್ದರೆ ಸುಬೇದಾರರು ವಿಷಯವನ್ನು ಅಲ್ಲಿಗೇ ಬಿಡುತ್ತಿದ್ದರು, ಚನಬಸಪ್ಪನವರು ಇನ್ನೊಂದು ಚೇಷ್ಟೆ ಮಾಡುತ್ತಿದ್ದರು. ಕೇಳಿದ ಮೇಲೆ ಜುಜೆ ಅಜ್ಜನ ಮುಖ ನೋಡಿದೆ. ಅವರು ನನ್ನನ್ನಾಗಲಿ ಸುಬೇದಾರರನ್ನಾಗಲಿ ನೋಡುತ್ತಿರಲಿಲ್ಲ. ಎಡಬಾಗಿಲನ್ನು ನೋಡುತ್ತಿದ್ದರು.

ಆಮೇಲೆ ನಡೆದುಹೋಗಿ ಆ ಬಾಗಿಲು ತೆರೆದರು. ಪಾವಟಿಗೆಯ ಮೇಲೆ ಹತ್ತಿ, ತೆರೆದ ಬಾಗಿಲಿನ ಹಿಂದೆ ಮುಂದಕ್ಕೆ ಮುಖ ಮಾಡಿ ನಿಂತರು. ಅವರ ಬಲ ಮೊಣಕಾಲು ಸರಿಯಾಗಿ ಆ ತೂತಿನ ಹಿಂದೆ ಬಂತು.

"ಥಾವರ್ಯಾ ಇಲ್ಲಿ ನಿಂತಿದ್ದ," ಎಂದರು. "ದಿಮ್ಮಿ ಕೆಳಗ ಇತ್ತು, ನನಗ ಕಾಣತಿರಲಿಲ್ಲ. ಬರ್ಲಿ, ಬರ್ಲಿ ಅಂತ ಇಲ್ಲಿ ನಿಂತು ಹೇಳ್ತಿದ್ದ. ಕಲ್ಲಿಗೆ ಹತ್ತಿತು. ಪಿನ್ನು ಗಟ್ಟಿ ಐತಿ ಅಂತ ನಾ ಜಗ್ಗಿದೆ. ವಾಯರ್ ಹರದು ತಿರುಗಿ ಬಂತು. ಅದರ ತುಂಡು ಬಾಗಲದಾಗಿಂದ ಹೊಕ್ಕು ಅವನ ಮೊಳಕಾಲಿಗೆ ಬಡೀತು. ಇದು ಗುಂಡಲ್ಲ."

ಜುಜೆ ಅಜ್ಜ ಪಾವಟಿಗೆಯಿಂದ ಇಳಿದು ಸುಬೇದಾರರ ಕೈಯಿಂದ ಪಿನ್ನು ತೆಗೆದುಕೊಂಡು ಹೊರಟರು. ಚನಬಸಪ್ಪನವರು ಹಿಂದಿನಿಂದ, "ಅವತ್ತ ಯಾಕ ಹೇಳಲಿಲ್ಲಲೇ? ಗೊತ್ತಾಗಿದ್ರ ನಿನ್ನ ಗಾಡಿ ಮ್ಯಾಲಿಂದ ಇಳಸ್ತಿದ್ದೆ!" ಎಂದರು.

ಜುಜೆ ಅಜ್ಜ ತಿರುಗದೆ, "ಇಳಸ್ತಿದ್ರಿ. ಅದಕ್ಕ ಹೇಳಲಿಲ್ಲ," ಎಂದರು.

ಸುಬೇದಾರರು ಚೀಲ ಎತ್ತಿಕೊಂಡು ನನಗೆ ಹೇಳಿದರು: "ಶುಕ್ರವಾರ ಬರ್ತೇನಿ. ನನ್ನ ಕೈಯಾಗ ಬರೂದು ಹೆಬ್ಬೆಟ್ಟು ಇದ್ದ ಹಾಳಿ. ಅದರಾಗ ಏನಿರತದ ಅದನ್ನ ಒಯ್ತೇನಿ. ಅವರಿಗೆ ಹೇಳವ್ವಾ." ಆ ಮಾತಿನ ಅರ್ಥ ನನಗೆ ತಿಳಿಯಿತು. ಗುಂಡು ಎಂದು ಬರೆದರೆ ಅವರು ಎದುರು ಹೇಳುವವರಲ್ಲ.

ಜುಜೆ ಅಜ್ಜ ನಾನು ಅಂದುಕೊಂಡಂತೆ ತಮ್ಮ ಮನೆಗೆ ಹೋಗಿರಲಿಲ್ಲ. ನಾನು ತಾಂಡಾಕ್ಕೆ ಬಂದಾಗ ನಮ್ಮ ಮನೆಯ ಮುಂದೆ ಬಿಸಿಲಲ್ಲಿ ನಿಂತಿದ್ದರು. ಸರಪಳಿ ತೆಗೆದಿದ್ದ ಬಾಗಿಲೊಳಗೆ ನನ್ನ ಅಜ್ಜ ಕಾಲು ಚಾಚಿ ಕುಳಿತಿದ್ದರು. ಅಜ್ಜಿ ಅಂಗಳದಲ್ಲಿ ಕಟ್ಟಿಗೆ ಹೊರೆಗೆ ಹಗ್ಗ ಬಿಗಿಯುತ್ತಿದ್ದಳು.

"ಏನಲೇ ಜುಜ್ಯಾ, ಕರೀದ ಲಗ್ನಕ್ಕ ಬಂದವರಂಗ ಹೊರಗ ನಿಂತಿ?" ಎಂದರು ಅಜ್ಜ. "ಇವತ್ತ ಐತವಾರ ಅಲ್ಲಲ್ಲ. ಒಳಗ ಬಾ."

"ವಾಯರ್ ಹಳೇದಿತ್ತು ಅಂತ ಹೇಳಿದ್ನಲ್ಲ, ಥಾವರ್ಯಾ."

"ಹಳೇದ ಇತ್ತು. ನೀನೂ ಹಳೇದು, ನಾನೂ ಹಳೇದು."

"ವಾಯರಿಂದು ತಪ್ಪಲ್ಲ. ನನ್ನ ಪಿನ್ನಿಂದು."

ಅಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಸುಬೇದಾರರು ಹೇಳಿದ ಮಾತುಗಳನ್ನು ಒಂದೂ ತಪ್ಪದ ಹಾಗೆ ಹೇಳಿದರು. ಮೆತ್ತನ್ನ ತುಂಡು ಎನ್ನುವಾಗ ಅವರ ಧ್ವನಿ ಸಣ್ಣದಾಯಿತು.

ಅಜ್ಜಿ ಹಗ್ಗ ಬಿಟ್ಟು ಮೈ ತಿರುಗಿಸಿ ಅವರನ್ನು ನೋಡಿದಳು. "ಇಪ್ಪತ್ತೆರಡು ವರ್ಷ ಕಟಗಿ ಹೊತ್ತೇನಿ," ಎಂದಳು. ಅವಳು ಕೂಗಾಡಲಿಲ್ಲ. "ಕಾಡಿಗೆ ಬೈದೆ. ವಾಯರ್ ಮಾಡಿದವರ ವಂಶಕ್ಕ ಬೈದೆ. ಯಾರಿಗೆ ಬೈಬೇಕಾಗಿತ್ತೋ ಅಂವಗ ಐತವಾರಕ್ಕೊಮ್ಮಿ ಚಾ ಮಾಡಿಕೊಟ್ಟೆ."

"ಧರ್ಮಿ, ಬಿಡು," ಎಂದರು ಅಜ್ಜ.

"ನೀ ಬಿಡು. ನಿನ್ನ ಕಾಲಷ್ಟ ಹೋತು. ಹೊತ್ತಾಕಿ ನಾನು."

ಅಜ್ಜ ಜುಜೆ ಅಜ್ಜನ ಕಡೆ ಕೈ ಚಾಚಿ, "ಎಲ್ಲೈತಿ ಅದು? ಕೊಡಿಲ್ಲಿ," ಎಂದರು. ಜುಜೆ ಅಜ್ಜ ಹೊಸ್ತಿಲ ಹೊರಗಿನಿಂದಲೇ ಬಾಗಿ ಪಿನ್ನು ಕೊಟ್ಟರು. ಅಜ್ಜ ಅದನ್ನು ಅಂಗೈಯಲ್ಲಿ ಉರುಳಿಸಿ ನೋಡಿದರು.

"ಇಷ್ಟನ?"

"ಇಷ್ಟ."

"ಸದ್ಯಕ್ಕ ಬರಬ್ಯಾಡ ನೀನು," ಎಂದರು ಅಜ್ಜ. ಜುಜೆ ಅಜ್ಜ ತಲೆ ಆಡಿಸಿ ಹೋದರು.

ಗುಂಡಿನ ಕತೆ ಕಟ್ಟಿದವರು ಯಾರೆಂದು ಅವತ್ತು ಸಂಜೆ ಅಜ್ಜಿ ನನಗೆ ಹೇಳಿದಳು. ಜುಜೆ ಅಜ್ಜ ಅಲ್ಲ, ನನ್ನ ಅಜ್ಜನೇ. ದವಾಖಾನೆಯ ಮಂಚದ ಮೇಲೆ ಮಲಗಿ, ಕಾಲು ನೋಯುತ್ತಿರುವಾಗಲೇ ಜುಜೆ ಅಜ್ಜನಿಗೆ ಹೇಳಿದರಂತೆ: ಬಾಗಿಲ ತೂತು ಯಾರಾದರೂ ಕೇಳಿದರೆ ಜಪಾನಿನವರದ್ದು ಎನ್ನು, ನನ್ನ ಕಾಲು ದಿಮ್ಮಿಗೆ ಸಿಕ್ಕಿತು ಎನ್ನೋಣ, ಇಲ್ಲದಿದ್ದರೆ ಸಾಹುಕಾರರು ನಿನ್ನನ್ನು ಗಾಡಿಯಿಂದ ಇಳಿಸುತ್ತಾರೆ. ಕೆಂಪು ಉಂಗುರ ಬರೆದದ್ದೂ ನನ್ನ ಅಜ್ಜನೇ, ಕೋಲು ಊರಿಕೊಂಡು ಹೋಗಿ. ಮಕ್ಕಳ ಬಾಯಿಂದ ಸುದ್ದಿ ಹೊರಗೆ ಹೋದೀತೆಂದು ಮನೆಯಲ್ಲೂ ಅದನ್ನೇ ಹೇಳಿಕೊಂಡು ಬಂದರು. ಆಮೇಲೆ ಅದೇ ರೂಢಿಯಾಯಿತು.

ನಾನು ಕೇಳಿದ್ದು ಸುಳ್ಳಲ್ಲ, ಕೆಟ್ಟ ಮನಸ್ಸಿನಿಂದ ಕೇಳಿದ್ದೂ ಅಲ್ಲ. ಆದರೂ ಜುಜೆ ಅಜ್ಜನ ಮುಖ ನೆನಪಾದರೆ ಎಲ್ಲಿಯಾದರೂ ಅಡಗಿಕೊಳ್ಳಬೇಕು ಅನಿಸುತ್ತಿತ್ತು. ಅವರು ಹದಿನೇಳು ವರ್ಷ ದುಡಿಸಿ, ಆಮೇಲೂ ಹೆಮ್ಮೆಪಡುತ್ತಿದ್ದ ವಸ್ತು ಆ ಪಿನ್ನೊಂದೇ ಆಗಿತ್ತು. ಗುರುವಾರ ಕುಳಿತು ಎರಡು ಹಾಳೆ ಬರೆದೆ. ಒಂದರಲ್ಲಿ ಗುಂಡು ಎಂದು ಬರೆದೆ. ಇನ್ನೊಂದರಲ್ಲಿ ಪಿನ್ನು, ವಾಯರ್, ಮೊಣಕಾಲು ಎಲ್ಲವನ್ನೂ ಬರೆದೆ. ಅವರಿಗೆ ಓದಲು ಬರುವುದಿಲ್ಲ. ಯಾವುದನ್ನು ಕೊಟ್ಟರೂ ಹೆಬ್ಬೆಟ್ಟು ಒತ್ತುತ್ತಾರೆ, ಗುಂಡಿನ ಹಾಳೆ ಕೊಟ್ಟುಬಿಟ್ಟರೆ ಲಾರಿಯಾದರೂ ಉಳಿಯುತ್ತದೆ ಎಂದು ಯೋಚಿಸಿದ್ದು ನಿಜ. ಅದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಶುಕ್ರವಾರ ಗೋದಾಮಿನ ಹಿಂದೆ ಎಲ್ಲರೂ ಸೇರಿದಾಗ ಜುಜೆ ಅಜ್ಜ ಚರ್ಚಿಗೆ ಹೋಗುವ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ನನ್ನ ಕೈಯಲ್ಲಿ ಎರಡು ಹಾಳೆ ನೋಡಿ, "ಎರಡ್ಯಾಕವ್ವಾ?" ಎಂದರು. ನಾನು ಎರಡನ್ನೂ ಅವರ ಮುಂದೆ ಚಾಚಿದೆ. "ಎರಡೂ ಓದು," ಎಂದರು.

ಮೊದಲು ಗುಂಡಿನದನ್ನು ಓದಿದೆ. ಆಮೇಲೆ ಇನ್ನೊಂದನ್ನು ಓದಿದೆ. ಅವರು ಲಾರಿಯ ಮೂತಿಯ ಮೇಲೆ ಕೈ ಇಟ್ಟುಕೊಂಡು ಕೇಳಿದರು.

"ಗುಂಡು ಅಂತ ಬರದ್ರ ಗಾಡಿ ಉಳೀತದ ಹೌದಿಲ್ರಿ?" ಎಂದು ಸುಬೇದಾರರನ್ನು ಕೇಳಿದರು.

"ಉಳೀಬಹುದು."

"ಗಾಡಿ ಉಳೀತದ. ಥಾವರ್ಯಾನ ಕಾಲು ಮತ್ತ ದಿಮ್ಮಿ ಕೆಳಗ ಹೋಗ್ತದ," ಎಂದರು ಜುಜೆ ಅಜ್ಜ. "ನನ್ನ ಸಲುವಾಗಿ ಇಷ್ಟು ವರ್ಷ ಅಲ್ಲೇ ಇಟ್ಟಿದ್ದ. ಸಾಕು. ಎರಡನೇದು ಕೊಡವ್ವಾ."

ಅವರ ಹೆಬ್ಬೆರಳಿಗೆ ನಾನೇ ಶಾಯಿ ಹಚ್ಚಿದೆ. ಹೆಬ್ಬೆರಳಿನ ತುದಿಯಲ್ಲಿ ಹಳೆಯ ಗಾಯದ ಗೀರುಗಳಿದ್ದವು. ಹಾಳೆಯ ಮೇಲೆ ಅವೂ ಮೂಡಿದವು.

ಸುಬೇದಾರರು ಹಾಳೆಯನ್ನು ಎರಡು ಸಲ ಓದಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. "ಇಡೀ ಗಾಡಿ ಒಯ್ಯಾಕ ಆಗೂದಿಲ್ಲರಿ," ಎಂದರು. "ಆದ್ರ ವಿಂಚೂ ಆ ಬಾಗಲೂ ನಾ ಒಯ್ತೇನಿ. ಹಾಳಿ ಅದರ ಪಕ್ಕಕ್ಕ ಹಚ್ತೇವಿ. ಗುಂಡಿನ ತೂತು ನಮ್ಮ ಹತ್ರ ಬೇಕಾದಷ್ಟು ಅದಾವ. ಇಂಥಾದ್ದು ಒಂದೂ ಇಲ್ಲ."

ಅದನ್ನು ಅವರು ಸಮಾಧಾನಕ್ಕೆ ಹೇಳಿದರೋ ನಿಜಕ್ಕೂ ಹೇಳಿದರೋ ನನಗೆ ಗೊತ್ತಿಲ್ಲ. ಆ ಜಾಗವನ್ನು ನಾನು ಇನ್ನೂ ನೋಡಿಲ್ಲ. ಜುಜೆ ಅಜ್ಜನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಶನಿವಾರ ಗ್ಯಾಸ್ ಕಟರಿನವರು ಬಂದಾಗ ಬೆಳಿಗ್ಗೆಯಿಂದ ಅಲ್ಲೇ ಕುಳಿತು, ಯಾವ ಬೋಲ್ಟು ಯಾವ ಕಡೆ ತಿರುಗುತ್ತದೆ ಎಂದು ಅವರಿಗೆ ಹೇಳಿಕೊಡುತ್ತಿದ್ದರಂತೆ.

ಆಮೇಲೆ ನಾಲ್ಕು ಐತವಾರ ಅವರು ಬರಲಿಲ್ಲ. ಚರ್ಚು ಬಿಡುವ ಹೊತ್ತಿಗೆ ನನ್ನ ಅಜ್ಜ ಹೊರಗೆ ನೋಡುವುದು, ಆಮೇಲೆ ನೋಡಲಿಲ್ಲವೆನ್ನುವಂತೆ ಕಾಲು ತಿಕ್ಕಿಕೊಳ್ಳುವುದು ನಡೆದೇ ಇತ್ತು. ಪಿನ್ನನ್ನು ಅವರು ಎಸೆಯಲಿಲ್ಲ. ನಮ್ಮ ಬಾಗಿಲ ಸರಪಳಿಗೆ ಸಿಕ್ಕಿಸುತ್ತಿದ್ದ ಕಟ್ಟಿಗೆಯ ತುಂಡು ತೆಗೆದು, ಅದರ ಜಾಗದಲ್ಲಿ ಪಿನ್ನನ್ನು ದಾರಕ್ಕೆ ಕಟ್ಟಿ ಸಿಕ್ಕಿಸಿದರು. ಕೋಳಿಗಳು ಒಳಗೆ ಬರದಂತೆ ನಾವು ಹಗಲಲ್ಲೂ ಹೊರಗಿನಿಂದ ಸರಪಳಿ ಹಾಕಿ, ಹಿಂಬಾಗಿಲಿನಿಂದ ಓಡಾಡುತ್ತೇವೆ. ಮುಂದಿನಿಂದ ಬಂದವರು ಅದನ್ನು ಎಳೆದೇ ಒಳಗೆ ಬರಬೇಕು.

ಐದನೆಯ ಐತವಾರ ಕ್ರೈಸ್ತರ ಈಸ್ಟರ್ ಹಬ್ಬ. ನಾನು ಒಳಗೆ ಕಾಳು ಆರಿಸುತ್ತಿದ್ದೆ. ಬಾಗಿಲ ಸಂದಿನಲ್ಲಿ ಬಿಳಿ ಅಂಗಿ ಕಂಡಿತು. ಸರಪಳಿ ಸ್ವಲ್ಪ ಸದ್ದು ಮಾಡಿ ನಿಂತಿತು. ಅವರ ಕೈ ಪಿನ್ನಿಗೆ ತಗುಲಿ ಅಲ್ಲೇ ಉಳಿದಿರಬೇಕು. ನಾನು ಏಳಲು ಹೋದೆ. ಅಜ್ಜ ಬೇಡವೆಂದು ಕೈ ಮಾಡಿದರು. ಅಜ್ಜಿ ಒಲೆಯ ಹತ್ತಿರ ಬೆನ್ನು ಮಾಡಿ ಕುಳಿತಿದ್ದಳು, ಮೈ ತಿರುಗಿಸಲಿಲ್ಲ. ಹೊರಗಿನಿಂದ ಹೋಗುವ ಸದ್ದೂ ಬರಲಿಲ್ಲ, ಒಳಗೆ ಬರುವ ಸದ್ದೂ ಬರಲಿಲ್ಲ.

"ಎಳಿಯಲೇ," ಎಂದರು ಅಜ್ಜ ಕೊನೆಗೆ. "ಮುರಿಯೂದಿಲ್ಲ ಅದು."

ಜುಜೆ ಅಜ್ಜ ತಲೆ ತಗ್ಗಿಸಿ ಒಳಗೆ ಬಂದು ತಮ್ಮ ಜಾಗದಲ್ಲಿ ಕುಳಿತರು. ಅಜ್ಜಿ ಎದ್ದು ಹಿಂಬಾಗಿಲಿನಿಂದ ಹೊರಗೆ ಹೋದಳು. ಅವತ್ತು ಚಹಾ ನಾನು ಮಾಡಿದೆ.